ನಲವತ್ತೊಂದು ಜನ, ಮೂರು ಚುಕ್ಕಿ

ಬೆಳಗಿನ ಒಂಬತ್ತೂಕಾಲಿಗೆ ಬೆಂಗಳೂರು ದುಡಿಯತೊಡಗಿತು. ಉದ್ಯೋಗ ಮಾಪನ ಕೇಂದ್ರದ ಎಂಟನೆಯ ಮಹಡಿಯಲ್ಲಿ, ಗೋಡೆಯಷ್ಟೇ ಅಗಲದ ನಕ್ಷೆಯ ಮೇಲೆ ಅದು ಕಣ್ಣಿಗೆ ಕಾಣುತ್ತಿತ್ತು. ಒಂದು ಚುಕ್ಕಿ ಎಂದರೆ ಒಬ್ಬ ದುಡಿಯುವ ಮನುಷ್ಯ. ಮೊದಲು ಹೊರವರ್ತುಲ ರಸ್ತೆಯ ಉದ್ದಕ್ಕೂ ನೂರಾರು ಚುಕ್ಕಿಗಳು ಹೊತ್ತಿಕೊಂಡವು, ಆಮೇಲೆ ಸಾವಿರಾರು. ಹತ್ತು ನಿಮಿಷ ಕಳೆಯುವುದರೊಳಗೆ ನಗರವಿಡೀ ಒಂದೇ ಬೆಳ್ಳಗಿನ ಉಂಡೆಯಾಯಿತು. ನೋಡಲು ಬಂದ ಅತಿಥಿಗಳು ಈ ಹೊತ್ತಿಗೆ ಚಪ್ಪಾಳೆ ತಟ್ಟುವುದು ಕೇಂದ್ರದ ರೂಢಿ. ಒಂದು ಊರು ಎದ್ದು ಕೆಲಸಕ್ಕೆ ಹೋಗಿದೆ ಎಂಬುದಕ್ಕೆ ಚಪ್ಪಾಳೆ ತಟ್ಟುವ ಜನ ಹಿಂದೆ ಹುಟ್ಟಿರಲಿಲ್ಲ. 2063ರ ಹೊತ್ತಿಗೆ ಬೇಕಾದಷ್ಟು ಹುಟ್ಟಿದ್ದರು.

ನಕ್ಷೆಯ ನಡುಭಾಗದಲ್ಲಿ, ಹಾವೇರಿಯ ಆಚೀಚೆ, ಕೆಲವು ಚುಕ್ಕಿಗಳು ಆರು ಗಂಟೆಯಿಂದಲೇ ಉರಿಯುತ್ತಿದ್ದವು. ಆ ಹೊತ್ತಿಗೆ ಕೇಂದ್ರದ ಬಾಗಿಲು ತೆರೆದಿರುತ್ತಿರಲಿಲ್ಲವಾದ್ದರಿಂದ ಅವಕ್ಕೆ ಚಪ್ಪಾಳೆ ಸಿಗುತ್ತಿರಲಿಲ್ಲ.

ನಕ್ಷೆಯ ಹಿಂದಿದ್ದ ಯಂತ್ರದ ಹೆಸರು ಲಯಗ್ರಾಹಿ. ಮನುಷ್ಯ ಮನಸ್ಸಿಟ್ಟು ಕೈಕೆಲಸ ಮಾಡುವಾಗ ಅವನ ಮಿದುಳು ಮತ್ತು ತೋಳಿನ ಸ್ನಾಯು ಒಂದೇ ಬಡಿತಕ್ಕೆ ಬೀಳುತ್ತವೆ, ಸೆಕೆಂಡಿಗೆ ಸುಮಾರು ಇಪ್ಪತ್ತು ಸಲ. ಮಲಗಿದವನಲ್ಲಿ ಅದು ಇಲ್ಲ, ಸುಮ್ಮನೆ ಪರದೆ ನೋಡುತ್ತ ಕುಳಿತವನಲ್ಲೂ ಇಲ್ಲ. ಈ ಬಡಿತದ ಮಂದ ವಿದ್ಯುತ್ ಅಲೆಯನ್ನು ನಲವತ್ತು ಮಾರು ದೂರದಿಂದ ಹಿಡಿಯಬಲ್ಲ ಲೋಹದ ಚಿಪ್ಪೊಂದನ್ನು ಕೇಂದ್ರದ ಮುಖ್ಯಸ್ಥ ಡಾ. ಪ್ರಣವ್ ಕಂಡುಹಿಡಿದಿದ್ದರು. ಮಗುಚಿಟ್ಟ ತೆಂಗಿನ ಚಿಪ್ಪಿನಂತಿದ್ದ ಅದನ್ನು ರಾಜ್ಯದ ಪ್ರತಿಯೊಂದು ದೀಪದ ಕಂಬಕ್ಕೂ ಕಟ್ಟಲಾಯಿತು. ಅಲ್ಲಿಗೆ ಮನೆಮನೆಗೆ ಹೋಗಿ ಕೇಳುವ ಗಣತಿ ಮುಗಿಯಿತು. ಯಾವ ಜಿಲ್ಲೆಯಲ್ಲಿ ಕೆಲಸ ಬೆಳೆಯುತ್ತಿದೆ, ಯಾವುದರಲ್ಲಿ ಬಾಡುತ್ತಿದೆ ಎಂಬುದನ್ನು ಸರ್ಕಾರ ಕುಳಿತಲ್ಲೇ ನೋಡತೊಡಗಿತು. ಕುಳಿತಲ್ಲೇ ನೋಡುವುದು ಸರ್ಕಾರಕ್ಕೆ ಮೊದಲಿನಿಂದಲೂ ಇಷ್ಟ.

ಕಂಡದ್ದು ಎಲ್ಲರೂ ನಿರೀಕ್ಷಿಸಿದ್ದೇ. ಮಹಾನಗರಗಳ ಉದ್ಯೋಗದ ಗೆರೆ ವರ್ಷಕ್ಕೆ ಶೇಕಡಾ ನಾಲ್ಕರಷ್ಟು ಮೇಲೇರಿತು. ಹಳ್ಳಿಗಳ ಗೆರೆ ಆರು ವರ್ಷಗಳಿಂದ ಇಳಿಯುತ್ತಲೇ ಇತ್ತು. ಡಾ. ಪ್ರಣವ್ ಅತಿಥಿಗಳಿಗೆ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದರು: ಹಳ್ಳಿಗಳು ಮಲಗಿವೆ, ಅದರಲ್ಲಿ ನಮ್ಮ ತಪ್ಪೇನೂ ಇಲ್ಲ, ನಾವು ಅಳೆಯುವವರು ಅಷ್ಟೆ. ಅತಿಥಿಗಳು ದುಃಖದಿಂದ ತಲೆಯಾಡಿಸಿ, ಕೇಂದ್ರದವರು ಕೊಟ್ಟ ಗೋಡಂಬಿ ತಿಂದು ಹೋಗುತ್ತಿದ್ದರು.

ಆ ಗುಂಪಿನ ಹಿಂದೆ ಒಬ್ಬ ಹೆಂಗಸು ಕಡತ ಹಿಡಿದು ನಿಂತಿರುತ್ತಿದ್ದಳು. ಹೆಸರು ಸಿಂಚನಾ ಹಡಪದ. ವಯಸ್ಸು ಮೂವತ್ತೇಳು, ರಾಣೆಬೆನ್ನೂರಿನ ಕಡೆಯವಳು. ಹಗಲು ಔಷಧದ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಯಾವ ಮೊತ್ತವನ್ನೂ ಮೂರು ಸಲ ಕೂಡದೆ ಬಿಡುತ್ತಿರಲಿಲ್ಲ, ಮೂರು ಸಲ ಸರಿ ಬಂದರೆ ನಾಲ್ಕನೆಯ ಸಲ ಯಾಕೆ ಕೂಡಲಿಲ್ಲ ಎಂದು ಮನೆಗೆ ಹೋಗಿ ಕೊರಗುತ್ತಿದ್ದಳು. ಡಾ. ಪ್ರಣವ್ ಅವಳನ್ನು ಹೊಗಳುವಾಗ "ಸಂಜೆ ಕಾಲೇಜು ಅಂತ ಹೇಳೋಕೇ ಆಗಲ್ಲ" ಎನ್ನುತ್ತಿದ್ದರು. ಅದು ಹೊಗಳಿಕೆಯೇ ಎಂದು ಅವಳು ಹನ್ನೊಂದು ವರ್ಷ ನಂಬಿದ್ದಳು.

ಅವಳ ಹೆಸರಿಗೆ ಒಂದು ಕೀರ್ತಿಯೂ ಇತ್ತು. ಲಯಗ್ರಾಹಿ ಹೊಸದಾಗಿದ್ದಾಗ ಒಬ್ಬನೇ ಮನುಷ್ಯನನ್ನು ಎರಡು ಕಂಬದ ಚಿಪ್ಪುಗಳು ಎರಡು ಸಲ ಎಣಿಸುತ್ತಿದ್ದವು. ಬೆಂಗಳೂರಿನ ಒಂದು ವಾರ್ಡಿನಲ್ಲಿ ಇರುವ ಜನರಿಗಿಂತ ದುಡಿಯುವವರೇ ಹೆಚ್ಚಾಗಿ, ವಿಧಾನಸಭೆಯಲ್ಲಿ ನಗೆಪಾಟಲಾಯಿತು. ಆಗ ಸಿಂಚನಾ ಒಂದು ನಿಯಮ ಸೂಚಿಸಿದಳು. ದೂರದ ಚಿಪ್ಪಿಗೆ ಬಡಿತದ ಸೂಕ್ಷ್ಮ ಗುರುತು ತಲುಪುವುದಿಲ್ಲ, ಕೈ ಆಡುವ ನಿಧಾನ ಲಯ ಮಾತ್ರ ತಲುಪುತ್ತದೆ. ಅಕ್ಕಪಕ್ಕದ ಯಾವ ಎರಡು ಚುಕ್ಕಿಗಳಲ್ಲಾದರೂ ಆ ಲಯ ಹತ್ತು ನಿಮಿಷಗಳ ಕಾಲ ತದ್ವತ್ ಒಂದೇ ಇದ್ದರೆ ಅದು ಒಬ್ಬನೇ ಮನುಷ್ಯ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಬೇಕು. ಗಾಜಿನ ಗೋಪುರವೊಂದರಲ್ಲಿ ಮುನ್ನೂರು ಜನರ ಮೇಲೆ ಆರು ತಿಂಗಳು ಪರೀಕ್ಷೆ ನಡೆಯಿತು. ಒಬ್ಬರ ಕೈಲಯ ಇನ್ನೊಬ್ಬರದಕ್ಕೆ ಒಂದು ದಿನವೂ ಕೂಡಲಿಲ್ಲ. ನಗರದಲ್ಲಿ ಪಕ್ಕದವನ ಕೈ ನೋಡಿ ಕೆಲಸ ಮಾಡುವವರು ಯಾರು? ನಿಯಮ ಜಾರಿಯಾಯಿತು, ಅವಳಿಗೆ ಪ್ರಶಂಸಾಪತ್ರ ಸಿಕ್ಕಿತು.

ಹಳ್ಳಿಯಲ್ಲೂ ಒಂದು ಸಲ ಪರೀಕ್ಷಿಸೋಣವೇ ಎಂದು ಕೇಳಬೇಕು ಅನ್ನಿಸಿತ್ತು. ಸಭೆಯಲ್ಲಿ ಎರಡು ಬಾರಿ ಬಾಯಿ ತೆರೆದಿದ್ದಳು ಕೂಡ. ಕೇಳಿದರೆ 'ಹಳ್ಳಿಯಿಂದ ಬಂದವಳಲ್ಲವೇ, ಬುದ್ಧಿ ಅಲ್ಲಿಗೇ ಓಡುತ್ತದೆ' ಅಂದುಕೊಂಡಾರೆಂದು ನೀರು ಕುಡಿದು ಸುಮ್ಮನಾದಳು.

ಮಾರ್ಚ್ ಹದಿನೆಂಟರಂದು ಅವಳ ಮೇಜಿಗೆ ಒಂದು ಪಟ್ಟಿ ಬಂತು. ಮೂರು ವರ್ಷ ಸತತವಾಗಿ ಉದ್ಯೋಗ ಇಳಿದ ತಾಲ್ಲೂಕನ್ನು 'ದುಡಿಮೆ ವಲಯ'ದಿಂದ ಕೈಬಿಡುವುದು ಕಾನೂನು. ಕೈಬಿಟ್ಟ ತಾಲ್ಲೂಕಿನ ಕಾರ್ಮಿಕರ ಆಸ್ಪತ್ರೆ ಮಾರ್ಚ್ ಮೂವತ್ತೊಂದಕ್ಕೆ ಮುಚ್ಚಿ, ಅದರ ಮಂಚ, ಯಂತ್ರ, ವೈದ್ಯರೆಲ್ಲ ದುಡಿಯುವ ಜನ ಹೆಚ್ಚಾದ ಕಡೆಗೆ, ಅಂದರೆ ಬೆಂಗಳೂರಿಗೆ, ಹೋಗುತ್ತಿದ್ದರು. ಆ ಸಲದ ಪಟ್ಟಿಯಲ್ಲಿ ಹಿರೇಕಣವಿ ಇತ್ತು. ಜೊತೆಗೆ ಅಲ್ಲಿನ ಮೆಣಸಿನಕಾಯಿ ಗೋದಾಮೊಂದರ ಹೆಂಗಸರು ಬರೆಸಿದ ಕಾಗದವಿತ್ತು. ಮೂರೇ ಸಾಲು: ನಿಮ್ಮ ಯಂತ್ರ ನಮ್ಮ ಗೋದಾಮಿನಲ್ಲಿ ಮೂರು ಜನ ಎಂದು ಹೇಳಿದೆಯಂತೆ. ನಾವು ನಲವತ್ತೊಂದು ಜನ ಇದ್ದೇವೆ. ಎಣಿಸಲು ಬರುವವರನ್ನು ಯಾರನ್ನಾದರೂ ಕಳಿಸಿರಿ.

ಕಚೇರಿಯಲ್ಲಿ ಆ ಕಾಗದ ಕೈಯಿಂದ ಕೈಗೆ ಹೋಗಿ ಒಂದು ದಿನದ ನಗುವಿಗೆ ಸಾಕಾಯಿತು. ಎಣಿಸಲು ಯಾರಿಗೆ ಬರುತ್ತದೆ ಎಂದು ಒಬ್ಬ ಇನ್ನೊಬ್ಬನನ್ನು ಕೇಳಿದ. ಡಾ. ಪ್ರಣವ್ ಕಡತಕ್ಕೆ ಒಂದು ಸ್ಥಳಪರಿಶೀಲನೆ ಇದ್ದರೆ ಚೆನ್ನ ಎಂದು ಸಿಂಚನಾಳನ್ನೇ ಕಳಿಸಿದರು. ಅವರ ಭಾಷೆ ಅವಳಿಗೆ ಬರುತ್ತದಲ್ಲ.

ಗೋದಾಮಿನ ಬಾಗಿಲಲ್ಲೇ ಘಾಟು ಮೂಗಿಗೆ ಹೊಡೆಯಿತು. ಒಳಗೆ ತಗಡಿನ ಮಾಡಿನ ಕೆಳಗೆ ಬ್ಯಾಡಗಿ ಮೆಣಸಿನಕಾಯಿಯ ಮೂರು ಕೆಂಪು ರಾಶಿ. ಒಂದೊಂದು ರಾಶಿಯ ಸುತ್ತ ಹದಿಮೂರು ಹದಿನಾಲ್ಕು ಹೆಂಗಸರು, ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು, ತೊಟ್ಟು ಬಿಡಿಸುತ್ತ ಕುಳಿತಿದ್ದರು. ಸಿಂಚನಾ ಮೂರು ಸಲ ಎಣಿಸಿದಳು. ನಲವತ್ತೊಂದು. ಕೈಯಲ್ಲಿದ್ದ ಪರದೆಯ ಫಲಕ ತೆರೆದು ಹೊರಗಿನ ಕಂಬದ ಚಿಪ್ಪು ಏನು ಹೇಳುತ್ತದೆ ಎಂದು ನೋಡಿದಳು. ನಾಲ್ಕು ಚುಕ್ಕಿ. ನಾಲ್ಕನೆಯದು ಅವಳೇ, ಮನಸ್ಸಿಟ್ಟು ಎಣಿಸಿ ಬರೆಯುತ್ತಿದ್ದಳಲ್ಲ.

ನಡುವಿನ ರಾಶಿಯ ಪಕ್ಕ ಕುಳಿತಿದ್ದವಳು ಪೂಜವ್ವ. ಅರವತ್ತೆರಡು ವಯಸ್ಸು, ಒಣಗಿದ ಮೈ, ಎರಡು ಮಾತಿಗೊಮ್ಮೆ ಕೆಮ್ಮು. ಕಾಗದ ಬರೆಸಿದವಳು ಆಕೆಯೇ. ಎಣಿಕೆ ಸರಿಯಾಗಿ ಬಂತೇನು ಎಂದು ಕೇಳಿದಳು. ನಲವತ್ತೊಂದು ಎಂದು ಸಿಂಚನಾ ಹೇಳಿದ್ದೇ, ಬೆಂಗಳೂರಿನವರಿಗೆ ನಲವತ್ತೊಂದರ ತನಕ ಬರುತ್ತದೆ ಎಂದು ಆಕೆ ಉಳಿದವರಿಗೆ ಸಾರಿದಳು. ಒಬ್ಬಳು, ಮೇಡಮ್ಮಾರ ಬೆರಳು ನೋಡ್ರಿ, ನೇಲ್ ಪಾಲಿಶ್ ಹಚ್ಯಾರ, ಬೆರಳ ಮಡಚಿದ್ರ ಕೆಟ್ಟೀತಂತ ಎಣಿಕಿ ಮೂರಕ್ಕ ನಿಂತಿತ್ತು ಎಂದಳು. ಸೆರಗಿನೊಳಗೇ ಎಲ್ಲರೂ ನಕ್ಕರು. ನಗುವಾಗಲೂ ಕೈ ನಿಲ್ಲಲಿಲ್ಲ.

ಸಿಂಚನಾ ಚಿಪ್ಪನ್ನು ಬಿಚ್ಚಿಸಿ ನೋಡಿದಳು. ಸರಿಯಾಗಿತ್ತು. ಬೇರೆ ಚಿಪ್ಪು ಹಾಕಿಸಿದಳು. ಅದೂ ನಾಲ್ಕೇ ಅಂದಿತು. ಬಿಸಿಲೇರಿ, ತೋಚದೆ, ಪೂಜವ್ವನ ಪಕ್ಕ ಕುಳಿತು ಸುಮ್ಮನೆ ಒಂದು ಹಿಡಿ ಮೆಣಸಿನಕಾಯಿ ಎಳೆದುಕೊಂಡಳು. ಅವಳ ತಾಯಿಯೂ ಇದೇ ಕೆಲಸ ಮಾಡಿ ಅವಳನ್ನು ಓದಿಸಿದ್ದು. ಬೆರಳಿಗೆ ಅದು ಮರೆತಿರಲಿಲ್ಲ. ಮಾತು ಅದರಷ್ಟಕ್ಕೆ ನಡೆದಿತ್ತು. ಯಾರದೋ ಸೊಸೆಯ ಬಾಣಂತನ, ಆಸ್ಪತ್ರೆಯಲ್ಲಿ ಹೊಸ ಡಾಕ್ಟರಮ್ಮ ದೂಳಿನ ಕೆಮ್ಮಿಗೆ ಮೂಗಿಗಿಟ್ಟು ಎಳೆಯುವ ಔಷಧ ಕೊಡುವುದು, ಅದು ಎಳೆದ ದಿನ ಒಂದಿಷ್ಟು ನಿದ್ದೆ ಬರುವುದು. ಈ ನಲವತ್ತೊಂದು ಜನರಲ್ಲಿ ಆ ಔಷಧವಿಲ್ಲದೆ ಉಸಿರಾಡಬಲ್ಲವರು ಹತ್ತು ಜನವೂ ಇರಲಿಲ್ಲ. ಅದು ಸಿಗುತ್ತಿದ್ದುದು ಮೂವತ್ತೊಂದಕ್ಕೆ ಮುಚ್ಚಲಿದ್ದ ಆ ಆಸ್ಪತ್ರೆಯಲ್ಲಿ ಮಾತ್ರ.

ಅರ್ಧ ಗಂಟೆ ಕಳೆದು ಫಲಕದ ಕಡೆ ಕಣ್ಣು ಹಾಯಿಸಿದರೆ ಚುಕ್ಕಿ ಮೂರೇ ಇದ್ದವು. ಸಿಂಚನಾ ತನ್ನ ಕೈ ನೋಡಿಕೊಂಡಳು. ಅದು ಆಡುತ್ತಿತ್ತು. ಪೂಜವ್ವನ ಕೈ ನೋಡಿದಳು. ಎತ್ತು, ಮುರಿ, ಬಿಡು. ಆಚೆಯವಳ ಕೈ, ಅದರಾಚೆಯವಳದು. ಹದಿನೈದು ಜೊತೆ ಕೈಗಳು ಒಂದೇ ಹೊತ್ತಿಗೆ ಎತ್ತುತ್ತಿದ್ದವು, ಒಂದೇ ಹೊತ್ತಿಗೆ ಬಿಡುತ್ತಿದ್ದವು. ಅವಳಿಗೆ ಗೊತ್ತಿಲ್ಲದೆಯೇ ಅವಳ ಕೈಯೂ ಅದಕ್ಕೆ ಕೂಡಿಕೊಂಡಿತ್ತು, ಮತ್ತು ಅವಳು ಬರೆದ ನಿಯಮ ಅವಳನ್ನೇ ಅಳಿಸಿಹಾಕಿತ್ತು.

ಯಾಕೆ ಎಲ್ಲರೂ ಹೀಗೆ ಒಟ್ಟಿಗೆ ಕೈ ಆಡಿಸುತ್ತೀರಿ ಎಂದು ಕೇಳಿದಳು. ಪೂಜವ್ವನಿಗೆ ಆ ಪ್ರಶ್ನೆಯೇ ಪೆದ್ದಾಗಿ ಕಂಡಿತು. ರಾಶಿ ಒಬ್ಬಳದಲ್ಲ, ಸುತ್ತ ಕುಂತವರೆಲ್ಲರದು. ಬಂದ ಕೂಲಿ ಸರಿಸಮ ಹಂಚಿಕೊಳ್ಳುವುದು. ಮುದುಕಿ ಇರುತ್ತಾಳೆ, ಬಸುರಿ ಇರುತ್ತಾಳೆ, ಜ್ವರದಿಂದ ಎದ್ದವಳು ಇರುತ್ತಾಳೆ.

"ಹಿಂದ ಬಿದ್ದಾಕಿ ಕೈ ನೋಡಿ ಎಲ್ಲಾರೂ ಕೈ ಮಾಡೂದು" ಎಂದಳು. "ಮುಂದ ಓಡಿದ್ರ ಆಕಿ ನಾಚಿಕಿ ಪಟ್ಟು ಮನ್ಯಾಗ ಕುಂದರ್ತಾಳ. ಇಷ್ಟೂ ತಿಳೀದಂಗ ಏನ ಓದಿದಿ ತಂಗಿ?"

ಆಮೇಲಿನದನ್ನು ಸಿಂಚನಾ ಹೆಂಗಸರನ್ನೇ ಕೇಳಿ, ಹಳೆಯ ದಾಖಲೆಗೆ ಹೋಲಿಸಿ, ಅಲ್ಲೇ ಕುಳಿತು ಕೂಡಿ ಕಳೆದು ನೋಡಿದಳು. ಆರು ವರ್ಷದ ಹಿಂದೆ ಇಲ್ಲಿ ತೊಟ್ಟು ಬಿಡಿಸುತ್ತಿದ್ದವರು ಇಪ್ಪತ್ತಾರು ಜನ, ಹನ್ನೊಂದು ಮನೆಯ ಕಟ್ಟೆಗಳ ಮೇಲೆ. ನಕ್ಷೆಯಲ್ಲಿ ಹನ್ನೊಂದು ಚುಕ್ಕಿ. ಕೆಲಸ ಹೆಚ್ಚಿತು, ಗೋದಾಮು ಎದ್ದಿತು, ಹೊಸಬರು ಬಂದರು, ಕಟ್ಟೆಯ ಸಣ್ಣ ಗುಂಪುಗಳು ಸೇರಿ ದೊಡ್ಡ ಗುಂಪಾದವು. ಚುಕ್ಕಿ ಎಂಟಾಯಿತು, ಐದಾಯಿತು, ಮೂರಾಯಿತು. ಜನ ಕೂಡಿದಷ್ಟೂ ಎಣಿಕೆ ಕರಗಿತು. ಕಳೆ ಕೀಳುವ ಸಾಲು, ಭತ್ತ ನೆಡುವ ಸಾಲು, ಇಟ್ಟಿಗೆ ಕೈಯಿಂದ ಕೈಗೆ ದಾಟಿಸುವ ಸಾಲು, ರಾಜ್ಯದಲ್ಲಿ ಎಲ್ಲಿ ನಾಲ್ಕು ಜನ ಒಬ್ಬರ ಕೈ ಒಬ್ಬರು ನೋಡಿ ದುಡಿದರೋ ಅಲ್ಲೆಲ್ಲ ಒಬ್ಬರು ಉಳಿದು ಮೂವರು ಅಳಿಸಿಹೋಗಿದ್ದರು. ಹಳ್ಳಿಯ ಗೆರೆ ಇಳಿದದ್ದು ಹಾಗೆ. ಆರು ವರ್ಷ ಅದನ್ನು ಯಾರೂ ಅನುಮಾನಿಸಲಿಲ್ಲ, ಏಕೆಂದರೆ ಹಳ್ಳಿಯ ಗೆರೆ ಇಳಿಯಬೇಕು ಎಂಬುದು ಓದಿದವರಿಗೆಲ್ಲ ಓದುವುದಕ್ಕೆ ಮೊದಲೇ ಗೊತ್ತಿತ್ತು.

ನಿಯಮ ಬರೆದವಳು ತಾನೇ ಎಂದು ಪೂಜವ್ವನಿಗೆ ಹೇಳದೆ ಎದ್ದು ಬರಲು ಅವಳಿಂದಾಗಲಿಲ್ಲ. ಹೇಳಿದಳು. ನಿಮ್ಮವ್ವ ಏನು ಮಾಡುತ್ತಿದ್ದಳು ಎಂದು ಪೂಜವ್ವ ಕೇಳಿದಳು. ಇದನ್ನೇ ಎಂದಳು ಸಿಂಚನಾ.

"ಹಂಗಾರ ನಿನಗ ಗೊತ್ತಿತ್ತು" ಎಂದಳು ಪೂಜವ್ವ. ಬೈಯಲಿಲ್ಲ. ರಾಶಿಗೆ ತಿರುಗಿದಳು.

ಮಾರ್ಚ್ ಇಪ್ಪತ್ತೆರಡರ ಬೆಳಿಗ್ಗೆ ಸಿಂಚನಾ ಡಾ. ಪ್ರಣವ್ ಎದುರು ನಿಂತು ಎಲ್ಲವನ್ನೂ ಒಪ್ಪಿಸಿದಳು. ಆ ಮನುಷ್ಯ ದಡ್ಡನಾಗಿದ್ದರೆ ಈ ಕತೆ ಇಷ್ಟು ಹೇಸಿಗೆಯದಾಗುತ್ತಿರಲಿಲ್ಲ. ಎರಡೇ ನಿಮಿಷದಲ್ಲಿ ಅವರಿಗೆ ಅರ್ಥವಾಯಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಹಳೆಯ ದಾಖಲೆ ತೆರೆದು ಒಂದು ದಿನದ ಮಟ್ಟಿಗೆ ನಿಯಮವನ್ನು ತೆಗೆದು ನೋಡಿದರು. ನಕ್ಷೆಯ ತುಂಬ ಹಳ್ಳಿಗಳು ಬೆಳಗಿನ ಆರಕ್ಕೇ ಹೊತ್ತಿಕೊಂಡವು. ಒಂಬತ್ತೂಕಾಲಿಗೆ ಬೆಂಗಳೂರು ಬಂದು ಸೇರುವಾಗ ಅದು ತಡವಾಗಿ ಎದ್ದ ಮಗನ ಹಾಗೆ ಕಂಡಿತು. ಡಾ. ಪ್ರಣವ್ ಪರದೆ ಆರಿಸಿದರು.

"ನೀವು ಹೇಳ್ತಿರೋದು ಸರಿ" ಎಂದರು. "ಸರಿ ಇರೋದೇ ತೊಂದರೆ. ನಿಯಮ ತೆಗೆದರೆ ಇವತ್ತಿನ ಲೆಕ್ಕ ಮಾತ್ರ ಬದಲಾಗಲ್ಲ ಸಿಂಚನಾ, ಆರು ವರ್ಷದ ಗೆರೆ ಬದಲಾಗುತ್ತೆ. ಆ ಗೆರೆ ನೋಡಿಕೊಂಡು ಎಷ್ಟು ಶಾಲೆ, ಎಷ್ಟು ಬಸ್ಸು, ಎಷ್ಟು ಆಸ್ಪತ್ರೆ ಜಾಗ ಬದಲಿಸಿದೀವಿ ಗೊತ್ತಾ? ಅಷ್ಟನ್ನೂ ತಪ್ಪು ಅಂತ ಯಾರು ಹೋಗಿ ಹೇಳ್ತಾರೆ? ನೀವು ಹೇಳ್ತೀರಾ? ನಿಯಮ ನಿಮ್ಮ ಹೆಸರಲ್ಲಿದೆ."

ಅಷ್ಟು ದಿನ ನಿಯಮ ಕೇಂದ್ರದ ಹೆಸರಿನಲ್ಲಿತ್ತು. ಆ ಬೆಳಿಗ್ಗೆಯಿಂದ ಅದು ಅವಳ ಹೆಸರಿಗೆ ಬಂತು.

ಅವರ ಬಳಿ ಪರಿಹಾರವೂ ಸಿದ್ಧವಿತ್ತು. ಗೆರೆಯನ್ನು ಮುಟ್ಟುವುದು ಕಷ್ಟ, ಹೆಂಗಸರನ್ನು ಬದಲಾಯಿಸುವುದು ಸುಲಭ. ಒಬ್ಬೊಬ್ಬರನ್ನು ಐದು ಅಡಿ ದೂರ ಕೂರಿಸುವುದು, ನಡುವೆ ತಡಿಕೆ ಕಟ್ಟುವುದು, ಒಬ್ಬೊಬ್ಬರ ಕಿವಿಗೂ ಒಂದು ಗುಂಡಿ ಸಿಕ್ಕಿಸಿ ಬೇರೆ ಬೇರೆ ತಾಳ ಕೇಳಿಸುವುದು. ಲಯ ಬೇರೆಯಾದರೆ ಚುಕ್ಕಿ ಬೇರೆಯಾಗುತ್ತದೆ. ನಲವತ್ತೊಂದು ಜನ ನಲವತ್ತೊಂದೇ ಕಾಣುತ್ತಾರೆ, ಆಸ್ಪತ್ರೆ ಉಳಿಯುತ್ತದೆ. ಇದಕ್ಕೆ 'ಶ್ರಮ ಗೋಚರತೆ ಮಾರ್ಗಸೂಚಿ' ಎಂದು ಹೆಸರಿಡಬಹುದು ಎಂದರು. ಇಂಥ ಹೆಸರು ಹೊಳೆಯುವಾಗ ಅವರ ಮುಖದಲ್ಲಿ ನಿಜವಾದ ಸಂತೋಷ ಕಾಣುತ್ತಿತ್ತು.

ಸಿಂಚನಾ ಆಗಲೇ, ಆ ಗೆರೆಯಿಂದ ಎಷ್ಟು ಊರು ನಿಂತಿವೆ ಎಂದು ಎಣಿಸುವ ಹಾಗೆಯೇ ಎಷ್ಟು ಬಿದ್ದಿವೆ ಎಂದೂ ಎಣಿಸಬಹುದಲ್ಲ ಎಂದು ಕೇಳಬೇಕಿತ್ತು. ಒಂಬತ್ತು ದಿನ ಉಳಿದಿತ್ತು. ಜಗಳ ಆಡಿದರೆ ಒಂದು ಸಮಿತಿ ಕೂರುತ್ತದೆ, ಸಮಿತಿ ಏಳುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ, ಅಷ್ಟರಲ್ಲಿ ಪೂಜವ್ವನ ಉಸಿರು ಯಾರ ಸಮಿತಿಗೂ ಕಾಯುವುದಿಲ್ಲ. ಹೀಗೆ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ಸುಳ್ಳಲ್ಲ. ಆದರೆ ಒಪ್ಪಿಕೊಂಡ ಕೂಡಲೇ ಎದೆ ಹಗುರಾಯಿತಲ್ಲ, ಆ ಹಗುರಕ್ಕೆ ಅವಳು ಆಮೇಲೆ ಎಂದೂ ತನ್ನನ್ನು ಕ್ಷಮಿಸಲಿಲ್ಲ.

ಮಾರ್ಗಸೂಚಿಯನ್ನು ಹಿರೇಕಣವಿಗೆ ಹೊತ್ತುಕೊಂಡು ಹೋದವಳು ಅವಳೇ. ಹೆಂಗಸರು ಕೇಳಿಸಿಕೊಂಡರು. ಆಸ್ಪತ್ರೆ ಉಳಿಯುತ್ತದೇನು ಎಂದು ಒಂದೇ ಪ್ರಶ್ನೆ ಕೇಳಿದರು. ಉಳಿಯುತ್ತದೆ ಎಂದು ಅವಳು ಆಣೆ ಮಾಡಿದಳು. ತಡಿಕೆಗಳು ಬಂದವು, ಕಿವಿಗುಂಡಿಗಳು ಬಂದವು. ಮೊದಲ ದಿನ ಯಾರ ಕೈಯೂ ಓಡಲಿಲ್ಲ. ಕಿವಿಯಲ್ಲಿ ಟಕ್ ಟಕ್ ಎಂದು ಒಂದು, ಕಣ್ಣಂಚಿನಲ್ಲಿ ಪಕ್ಕದವಳ ಕೈ ಇನ್ನೊಂದು. ತೊಟ್ಟಿನ ಜೊತೆ ಕಾಯಿಯೇ ಮುರಿದು ಬೀಜ ಚೆಲ್ಲಾಡಿತು. ಮಾತಾಡಿದರೆ ತಾಳ ತಪ್ಪುತ್ತಿತ್ತು, ಹಾಗಾಗಿ ಮಾತು ನಿಂತಿತು. ಮೂರನೆಯ ದಿನದ ಹೊತ್ತಿಗೆ ಗೋದಾಮು ಗಾಜಿನ ಗೋಪುರದಷ್ಟೇ ಮೌನವಾಗಿತ್ತು. ಫಲಕದಲ್ಲಿ ನಲವತ್ತೊಂದು ಚುಕ್ಕಿ ಸಾಲಾಗಿ ಉರಿಯುತ್ತಿದ್ದವು.

ಸುತ್ತಲಿನ ಗೋದಾಮುಗಳಲ್ಲೂ, ಗದ್ದೆಗಳಲ್ಲೂ ಇದೇ ನಡೆಯಿತು. ಮಾರ್ಚ್ ಮೂವತ್ತರಂದು ಕೇಂದ್ರ ಪ್ರಕಟಿಸಿತು: ಗ್ರಾಮೀಣ ಉದ್ಯೋಗದಲ್ಲಿ ಹಿಂದೆಂದೂ ಕಾಣದ ಬೆಳವಣಿಗೆ, ಹಿರೇಕಣವಿಯ ಒಂದು ಗೋದಾಮಿನಲ್ಲೇ ಶೇಕಡಾ ಸಾವಿರದ ಇನ್ನೂರ ಅರವತ್ತಾರು. ಹಳ್ಳಿಗಳು ಎಚ್ಚೆತ್ತವು ಎಂದು ಪತ್ರಿಕೆಗಳು ಬರೆದವು. ಎಚ್ಚರಿಸಿದವರು ತಾವು ಎಂದು ಮಂತ್ರಿಗಳು ಮೂವರು ಬೇರೆ ಬೇರೆಯಾಗಿ ಹೇಳಿಕೊಂಡರು. ಅರ್ಥಶಾಸ್ತ್ರಜ್ಞರೊಬ್ಬರು ಇದನ್ನು ತಾವು ಹತ್ತು ವರ್ಷದ ಹಿಂದೆಯೇ ಊಹಿಸಿದ್ದಾಗಿ ಟೀವಿಯಲ್ಲಿ ವಿವರಿಸಿದರು. ಹತ್ತು ವರ್ಷದ ಹಿಂದೆ ಅವರು ಇದೇ ಟೀವಿಯಲ್ಲಿ ಹಳ್ಳಿಗಳ ಅಂತ್ಯವನ್ನು ಊಹಿಸಿದ್ದರು. ಡಾ. ಪ್ರಣವ್‌ಗೆ ಶಾಲು ಹೊದಿಸಲಾಯಿತು. ಹಿರೇಕಣವಿಯ ಆಸ್ಪತ್ರೆ ಉಳಿಯಿತು.

ವಾರ್ಷಿಕ ವರದಿ ಬರೆಯುವುದು ಸಿಂಚನಾಳ ಕೆಲಸ. ಎಲ್ಲ ಕೋಷ್ಟಕಗಳನ್ನೂ ನಾಲ್ಕು ಸಲ ಕೂಡಿದಳು. ಹಿರೇಕಣವಿಯ ಸಾಲಿಗೆ ಬಂದಾಗ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಸೇರಿಸಿದಳು: ಈ ನಲವತ್ತೊಂದು ಜನ ಮೂರು ಎಂದು ದಾಖಲಾದಾಗಲೂ ನಲವತ್ತೊಂದೇ ಇದ್ದರು. ಅಳಿಸಿದಳು, ಮತ್ತೆ ಬರೆದಳು. ಡಾ. ಪ್ರಣವ್ ಅದನ್ನು ಓದಿ, ಕೆಂಪು ಗೀಟು ಹಾಕಲು ಲೇಖನಿ ಎತ್ತಿ, ಹಾಗೇ ಬಿಟ್ಟರು. ಅಡಿಟಿಪ್ಪಣಿ ಓದುವವರು ಯಾರಿದ್ದಾರೆ ಎಂದರು. ಅವರ ಊಹೆ ತಪ್ಪಲಿಲ್ಲ. ವರದಿಯ ಒಂಬತ್ತು ಸಾವಿರ ಪ್ರತಿ ಹಂಚಿಹೋಯಿತು, ಆ ಸಾಲಿನ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ.

ಜುಲೈಯಲ್ಲಿ ರಜೆ ಹಾಕಿ ಸಿಂಚನಾ ಹಿರೇಕಣವಿಗೆ ಹೋದಳು, ಯಾರೂ ಕಳಿಸದೆ. ಗೋದಾಮಿನಲ್ಲಿ ತಡಿಕೆಗಳ ನಡುವೆ ಇಪ್ಪತ್ತೊಂಬತ್ತು ಹೆಂಗಸರಿದ್ದರು. ಉಳಿದವರು ಎಲ್ಲಿ ಎಂದು ಸಾವಕಾರನನ್ನು ಕೇಳಿದಳು. ಅವನು ಹೆಮ್ಮೆಯಿಂದ ತನ್ನ ಪರದೆ ತೋರಿಸಿದ. ಒಬ್ಬೊಬ್ಬರಿಗೂ ಒಂದು ಚುಕ್ಕಿ, ಚುಕ್ಕಿಯ ಪಕ್ಕ ಅವರ ಕೈಯ ವೇಗ. ಮೊದಲು ರಾಶಿ ಎಲ್ಲರದೂ ಆಗಿದ್ದಾಗ ಯಾರು ನಿಧಾನ ಎಂಬುದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ, ಗೊತ್ತಾಗಬಾರದೆಂದೇ ಅವರು ಹಾಗೆ ದುಡಿಯುತ್ತಿದ್ದರಲ್ಲ. ಈಗ ಬೆಂಗಳೂರಿನವರ ಕೃಪೆಯಿಂದ ಎಲ್ಲ ಕಾಣುತ್ತದೆ ಎಂದ. ನಿಧಾನದವರನ್ನು ಬಿಡಿಸಿದ್ದ. ಇಬ್ಬರು ಬಸುರಿಯರು, ಉಳಿದವರು ವಯಸ್ಸಾದವರು. ಇಪ್ಪತ್ತೊಂಬತ್ತು ಆದರೂ ಮೂರಕ್ಕಿಂತ ಹೆಚ್ಚೇ ಅಲ್ಲವೇನು ಮೇಡಂ, ನಕ್ಷೆಯಲ್ಲಿ ನಮ್ಮ ತಾಲ್ಲೂಕು ಇನ್ನೂ ಮೇಲೇ ಇದೆ ಎಂದು ಅವಳಿಗೆ ಧೈರ್ಯ ಹೇಳಿದ.

ಪೂಜವ್ವ ಮನೆಯ ಮುಂದೆ ಹಗ್ಗದ ಮಂಚದ ಮೇಲೆ ಕುಳಿತಿದ್ದಳು. ಎರಡು ಮಾತಿಗೊಮ್ಮೆ ಇದ್ದ ಕೆಮ್ಮು ಈಗ ಮಾತಿಗೇ ಎಡೆ ಕೊಡುತ್ತಿರಲಿಲ್ಲ. ಸಿಂಚನಾಳಿಗೆ ಕೂರಲು ಜಾಗ ಬಿಟ್ಟು, ಒಳಗೆ ಸೊಸೆಗೆ ಚಹಾ ಇಡಲು ಹೇಳಿದಳು. ಔಷಧ ಎಳೆಯುತ್ತಿಲ್ಲವೇ ಎಂದು ಸಿಂಚನಾ ಕೇಳಿದಳು.

"ದವಾಖಾನಿ ಉಳಿಸಿದಿ ನೋಡವ್ವ, ಸುಳ್ಳ ಹೇಳಬಾರದು" ಎಂದಳು ಪೂಜವ್ವ. "ಒಳಗ ಹೋಗಾಕ ಚೀಟಿ ಬೇಕು. ಚೀಟಿ ದುಡಿಯೋರಿಗಷ್ಟ. ನಂದು ಚುಕ್ಕಿ ಇಲ್ಲಂತ."

ಏನು ಹೇಳಿದರೂ ಅದು ಇನ್ನೊಂದು ಮಾರ್ಗಸೂಚಿಯ ಹಾಗೆ ಕೇಳಿಸೀತು ಎಂದು ಸಿಂಚನಾ ಹೆದರಿದಳು. ಕೊನೆಗೆ, ಎಲ್ಲವೂ ತನ್ನ ನಿಯಮದಿಂದ ಆಯಿತು, ಹೋಗಿ ಸಚಿವಾಲಯದ ಮುಂದೆ ನಿಂತು ಹೇಳುತ್ತೇನೆ, ಕೆಲಸ ಹೋದರೆ ಹೋಗಲಿ ಎಂದಳು. ಆ ಮಾತನ್ನು ಅವಳು ಆಮೇಲೆ ನಡೆಸಿಕೊಟ್ಟಳು, ಕೆಲಸವನ್ನೂ ಕಳೆದುಕೊಂಡಳು. ಆದರೆ ಅದರ ಫಲ ಪೂಜವ್ವನ ಕಾಲಕ್ಕೆ ಮುಟ್ಟಲಿಲ್ಲ.

ಪೂಜವ್ವ ಅವಳ ಮಾತನ್ನು ದೊಡ್ಡದು ಮಾಡಲಿಲ್ಲ. ಉಸಿರು ಕೂಡಿಸಿಕೊಳ್ಳುತ್ತ, ತಾನು ಸಣ್ಣವಳಿದ್ದಾಗಿನ ಸಂಗತಿ ಹೇಳತೊಡಗಿದಳು. 2011ನೇ ಇಸವಿ ಇರಬೇಕು, ತನಗೆ ಹತ್ತು ವರ್ಷ. ಆಗ ಕಂಬದ ಮೇಲೆ ಚಿಪ್ಪು ಇರಲಿಲ್ಲ. ಒಬ್ಬ ಮಾಸ್ತರರು ಹಾಳೆ ಹಿಡಿದುಕೊಂಡು ಮನೆಮನೆಗೆ ಬರೆದುಕೊಳ್ಳಲು ಬಂದಿದ್ದರು. ಬಹಳ ಒಳ್ಳೆಯವರು, ಚಪ್ಪಲಿ ಹೊರಗೆ ಬಿಟ್ಟು ಬಂದರು. ಅಪ್ಪ ಏನು ಕೆಲಸ ಮಾಡುತ್ತಾನೆ ಎಂದು ಕೇಳಿ ಬರೆದುಕೊಂಡರು. ಆಮೇಲೆ ಅವ್ವ ಏನು ಮಾಡುತ್ತಾಳೆ ಎಂದು ಅಪ್ಪನನ್ನೇ ಕೇಳಿದರು. ಅವ್ವ ಅಲ್ಲೇ, ಅವರ ಎದುರಿಗೇ, ಮಡಿಲ ತುಂಬ ಮೆಣಸಿನಕಾಯಿ ಹಾಕಿಕೊಂಡು ತೊಟ್ಟು ಬಿಡಿಸುತ್ತ ಕುಳಿತಿದ್ದಳು.

"ಏನಿಲ್ಲ, ಮನ್ಯಾಗಿರ್ತಾಳ ಅಂದ ನಮ್ಮಪ್ಪ" ಎಂದಳು ಪೂಜವ್ವ. "ಮಾಸ್ತರು ಅವ್ವನ ಮಾರಿ ನೋಡಿದ್ರು. ಅವ್ವಾನೂ ಹೂಂ ಅಂದ್ಲು. ಸೊನ್ನಿ ಬರಕೊಂಡು ಹ್ವಾದ್ರು."

ಚಹಾ ಬಂತು. ಪೂಜವ್ವ ಬಸಿಯನ್ನು ಸಿಂಚನಾಳ ಕಡೆ ಸರಿಸಿದಳು.

"ನಿಮ್ಮ ಮಷೀನು ಮೂರಾದ್ರೂ ಅಂತು."